ವೈದ್ಯರ ಕಣ್ಣಿಗೆ ಬೀಳದ ಗಂಟೆಗಳು

ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಬೆಳಗು ಬೇಗ ಆಗುತ್ತದೆ. ಉಕ್ಕಿನ ಕಾರ್ಖಾನೆಯ ಮೊದಲ ಪಾಳಿಗೆ ಹೊರಟ ಬಸ್ಸುಗಳು, ಅದಿರಿನ ಲಾರಿಗಳು, ಚಹಾ ಅಂಗಡಿಯ ಸ್ಟೌವು ಎಲ್ಲವೂ ಕತ್ತಲಿರುವಾಗಲೇ ಸದ್ದು ಶುರು ಮಾಡುತ್ತವೆ. ಆ ಹೊತ್ತಿಗೆ ಊರಿನ ಯಾವುದೋ ಮನೆಯಲ್ಲಿ ಅರವತ್ತೈದು ದಾಟಿದ ಹಿರಿಯರೊಬ್ಬರಿಗೆ ಎಚ್ಚರವಾಗಿರುತ್ತದೆ. ಮಗ್ಗುಲು ಬದಲಿಸಲು ಮಾತ್ರ ಆಗುವುದಿಲ್ಲ. ಹೆಂಡತಿ ಭುಜಕ್ಕೆ ಕೈಕೊಟ್ಟು ಎಬ್ಬಿಸಿ ಕೂರಿಸಿ ಗುಳಿಗೆ ನುಂಗಿಸುತ್ತಾರೆ. ಮುಕ್ಕಾಲು ಗಂಟೆ ಕಳೆದರೆ ಅದೇ ಮನುಷ್ಯ ಮುಖ ತೊಳೆದುಕೊಂಡು ಅಂಗಡಿಯವರೆಗೆ ನಡೆದುಹೋಗಿ ಪೇಪರ್ ತರುತ್ತಾರೆ. ಹನ್ನೊಂದರ ಸುಮಾರಿಗೆ ಮತ್ತೆ ಕಾಲು ಭಾರ. ಮಧ್ಯಾಹ್ನದ ಗುಳಿಗೆ ಹಿಡಿಯುವಷ್ಟರಲ್ಲಿ ಕುತ್ತಿಗೆ, ಭುಜ, ಸೊಂಟ ಎಲ್ಲ ತಮ್ಮಷ್ಟಕ್ಕೆ ಓಲಾಡತೊಡಗುತ್ತವೆ.

ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಮಗ ಅವರನ್ನು ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ, ರಾತ್ರಿಯಿಡೀ ಪಕ್ಕದಲ್ಲಿ ಕೂತು, ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯುತ್ತಾನೆ. ಸಾಲು, ಚೀಟಿ, ಕಾಯುವಿಕೆ. ಸರದಿ ಬಂದಾಗ ಅಪ್ಪ ಚೆನ್ನಾಗಿಯೇ ನಡೆದು ಒಳಗೆ ಹೋಗುತ್ತಾರೆ. ವೈದ್ಯರು ಬೆರಳು ಬಡಿಸಿ ನೋಡುತ್ತಾರೆ, ಮೊಣಕೈ ಮಡಚಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ‘ಪರವಾಗಿಲ್ಲ, ಚೆನ್ನಾಗಿದ್ದೀರಿ’ ಎನ್ನುತ್ತಾರೆ. ‘ಮನೆಗ ಹಿಂಗಿರಲ್ರಿ ಸಾರ್, ಅಲ್ಲಿ ಬ್ಯಾರೆನೇ ಐತಿ’ ಎಂದು ಮಗ ಹೇಳುತ್ತಾನೆ. ಹೇಗೆ ಬೇರೆ, ಎಷ್ಟು ಹೊತ್ತಿಗೆ ಬೇರೆ ಎಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿ ಅತಿ ದೊಡ್ಡ ಕೊರತೆ ಇರುವುದು ಇಲ್ಲಿಯೇ. ವೈದ್ಯರು ನೋಡುವುದು ಹತ್ತು ನಿಮಿಷ. ಕಾಯಿಲೆ ನಡೆಯುವುದು ಉಳಿದೆಲ್ಲ ಹೊತ್ತು, ಮನೆಯಲ್ಲಿ. ಆ ಉಳಿದ ಹೊತ್ತನ್ನು ಅಳೆದು ವೈದ್ಯರ ಮೇಜಿನ ಮೇಲೆ ಇಡುವ ಪ್ರಯತ್ನವಾಗಿ ಮೈಮೇಲೆ ಧರಿಸುವ ಸಂವೇದಕಗಳು, ಅಂದರೆ ಸೆನ್ಸರ್‌ಗಳು, ಬಂದಿವೆ. ಕೆಲವು ಕೈಗಡಿಯಾರದಂತೆ ಇರುತ್ತವೆ, ಕೆಲವನ್ನು ಸೊಂಟಕ್ಕೆ ಕಟ್ಟಬೇಕು. ಇವು ಹೇಗೆ ಕೆಲಸ ಮಾಡುತ್ತವೆ, ಬಳ್ಳಾರಿ ಸೀಮೆಯ ಮನೆಗಳಿಗೆ ಇವುಗಳಿಂದ ಏನು ಸಿಕ್ಕೀತು ಎಂಬುದನ್ನು ನೋಡೋಣ.

ನಡುಕ ಎಂಬುದು ಒಂದು ಭಾಗ ಮಾತ್ರ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಪ್ರಬಂಧ ಬರೆದ. ಅವನ ಹೆಸರೇ ಕಾಯಿಲೆಗೆ ನಿಂತಿತು. ನಮ್ಮ ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರಿನಲ್ಲಿ ಇಂಥ ಲಕ್ಷಣಗಳ ವಿವರಣೆ ಅದಕ್ಕೂ ಎಷ್ಟೋ ಹಿಂದಿನಿಂದ ಇದೆ.

ಮೆದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಪುಟ್ಟ ಪಟ್ಟಿಯೊಂದಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಚಲನೆ ಸರಾಗವಾಗಿ ನಡೆಯಲು ಅದು ಬೇಕು. ಆ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ ಹೋದಂತೆ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಸುಮ್ಮನೆ ಇಟ್ಟ ಕೈ ನಡುಗುತ್ತದೆ. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ, ಅಕ್ಷರ ಚಿಕ್ಕದಾಗುತ್ತದೆ, ದನಿ ತಗ್ಗುತ್ತದೆ, ಮುಖದ ಮೇಲೆ ನಗು ಮೂಡುವುದು ಕಡಿಮೆಯಾಗುತ್ತದೆ. ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಉಂಟು. ಮನೆಯವರು ಇವನ್ನೆಲ್ಲ ‘ವಯಸ್ಸಾಯ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದರಿಂದ ಕಾಯಿಲೆ ಗೊತ್ತಾಗುವುದೇ ತಡ. ಹೆಂಗಸರ ವಿಷಯದಲ್ಲಿ ಇನ್ನೂ ತಡ, ಏಕೆಂದರೆ ನಡುಗುವ ಕೈಯಲ್ಲೇ ಅವರು ಅಡುಗೆ ಮಾಡಿ ಮುಗಿಸಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಿಮ್ಹಾನ್ಸ್‌ನ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಕಂಡ ಒಂದು ಸಂಗತಿ ಇಂದಿಗೂ ಯೋಚಿಸುವಂಥದ್ದು. ಎಲ್ಲ ಬಗೆಯ ನರರೋಗಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹಳ್ಳಿಗಳಲ್ಲಿ ಅವುಗಳ ಪ್ರಮಾಣ ಪಟ್ಟಣದ ಸುಮಾರು ಎರಡರಷ್ಟಿತ್ತು. ನರರೋಗ ತಜ್ಞರು ಹೆಚ್ಚಾಗಿ ಇರುವುದು ಮಾತ್ರ ದೊಡ್ಡ ಪಟ್ಟಣಗಳಲ್ಲಿ.

ಗುಳಿಗೆಯ ಏರಿಳಿತ

ಮನೆಯ ಗಂಟೆಗಳು ಯಾಕೆ ಅಷ್ಟು ಮುಖ್ಯ ಎಂಬುದು ತಿಳಿಯಬೇಕಾದರೆ ಗುಳಿಗೆಯ ಸ್ವಭಾವ ತಿಳಿಯಬೇಕು.

ಈ ಕಾಯಿಲೆಗೆ ಮುಖ್ಯ ಔಷಧ ಲೆವೊಡೋಪಾ. ಮೆದುಳಿಗೆ ಹೋಗಿ ಅದು ಡೋಪಮೈನ್ ಆಗುತ್ತದೆ. ಕಾರ್ಬಿಡೋಪಾ ಜೊತೆ ಸೇರಿಸಿ ಮಾಡಿದ ಗುಳಿಗೆ ನಮ್ಮಲ್ಲಿ ಸಿಂಡೋಪಾ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಹೊಲದ ಬೇಲಿಯ ಮೇಲೆ ಹಬ್ಬುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಇದೇ ವಸ್ತು ಇದೆ. ಅದನ್ನು ಬೇರ್ಪಡಿಸಿದ ವಿವರವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿಯೇ ಪ್ರಕಟಿಸಿದ್ದರು. ಲೆವೊಡೋಪಾವನ್ನು ಬಾಯಿಯ ಮೂಲಕ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಬಹುದು ಎಂಬುದನ್ನು ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ತೋರಿಸಿಕೊಟ್ಟದ್ದು 1967ರಲ್ಲಿ. ನಸುಗುನ್ನಿ ಪುಡಿಯನ್ನು ತಾವಾಗಿಯೇ ತಂದು ತಿನ್ನುವವರು ಒಂದು ಮಾತು ನೆನಪಿಡಬೇಕು: ಅದರಲ್ಲಿ ಔಷಧದ ಪ್ರಮಾಣ ಚೀಲದಿಂದ ಚೀಲಕ್ಕೆ ಬೇರೆ. ಗುಳಿಗೆಯ ಜೊತೆ ಅದೂ ಸೇರಿದರೆ ವೈದ್ಯರ ಲೆಕ್ಕವೆಲ್ಲ ಕೆಡುತ್ತದೆ.

ಮೊದಲ ಕೆಲವು ವರ್ಷ ಲೆವೊಡೋಪಾ ದಿನವಿಡೀ ಒಂದೇ ಸಮ ಕೆಲಸ ಮಾಡುತ್ತದೆ. ಆಮೇಲೆ ಅದರ ಅವಧಿ ಕುಗ್ಗುತ್ತಾ ಬರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಡೋಪಮೈನನ್ನು ಕೂಡಿಟ್ಟುಕೊಳ್ಳುವ ಜೀವಕೋಶಗಳೇ ಉಳಿಯದಿದ್ದಾಗ ರಕ್ತದ ಈ ಏರಿಳಿತ ನೇರವಾಗಿ ಮೈಮೇಲೆ ಕಾಣಿಸುತ್ತದೆ. ಔಷಧ ಕೆಲಸ ಮಾಡುತ್ತಿರುವ ಹೊತ್ತನ್ನು ವೈದ್ಯರು ‘ಆನ್’ ಎನ್ನುತ್ತಾರೆ, ಇಳಿದುಹೋದ ಹೊತ್ತನ್ನು ‘ಆಫ್’. ಹೆಚ್ಚಾದಾಗ ಮೈ ತಾನೇ ಓಲಾಡುವುದು ಮೂರನೆಯ ಸ್ಥಿತಿ. ಬೆಳಗಿನ ಬಿಗಿತಕ್ಕೆ ಗುಳಿಗೆ ಹೆಚ್ಚಿಸಬೇಕು, ಮಧ್ಯಾಹ್ನದ ಓಲಾಟಕ್ಕೆ ಕಡಿಮೆ ಮಾಡಬೇಕು. ಯಾವುದು ಎಷ್ಟು ಹೊತ್ತಿಗೆ ಬಂತು ಎಂಬುದೇ ಗೊತ್ತಿಲ್ಲದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ಊಟವೂ ಇದರಲ್ಲಿ ಕೈಯಾಡಿಸುತ್ತದೆ. ಬೇಳೆ, ಮೊಟ್ಟೆ, ಹಾಲು, ಮಾಂಸಗಳ ಪ್ರೋಟೀನ್ ಕರುಳಿನಲ್ಲೂ ಮೆದುಳಿನ ಬಾಗಿಲಲ್ಲೂ ಲೆವೊಡೋಪಾ ಜೊತೆ ಪೈಪೋಟಿಗೆ ಇಳಿಯುತ್ತದೆ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾದ ಒಂದು ಗಂಟೆಯ ಮೇಲೆ ಗುಳಿಗೆ ನುಂಗಿ ಎನ್ನುವುದು. ಮಲಬದ್ಧತೆ ಇದ್ದರೆ ಔಷಧ ಹಿಡಿಯುವುದು ಇನ್ನೂ ತಡ. ಕಾಳುಪಲ್ಯ, ಬೇಳೆಸಾರಿನ ಊಟದ ಜೊತೆಯಲ್ಲೇ ಗುಳಿಗೆ ನುಂಗಿದ ದಿನ ಮಧ್ಯಾಹ್ನವಿಡೀ ಕಾಲು ಏಳದಿದ್ದರೆ ಮನೆಯವರು ‘ಕಾಯಿಲೆ ಜಾಸ್ತಿ ಆಯ್ತು’ ಎಂದುಕೊಳ್ಳುತ್ತಾರೆ. ಗುಳಿಗೆಯ ಹೊತ್ತನ್ನು ಸ್ವಲ್ಪ ಸರಿಸಿದ್ದರೆ ಸಾಕಾಗುತ್ತಿತ್ತೇನೋ.

ಇದನ್ನೆಲ್ಲ ಅರ್ಧ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆದಿಡಿ ಎಂದು ವೈದ್ಯರು ಹೇಳುವುದುಂಟು. ಕೈ ನಡುಗುವವರಿಗೆ ಬರೆಯುವುದೇ ಕಷ್ಟ. ಅನೇಕರು ಕೊನೆಯ ದಿನ ಕೂತು ನೆನಪಿನಿಂದ ಪುಸ್ತಕದ ಎಲ್ಲ ಖಾನೆಗಳನ್ನೂ ತುಂಬುತ್ತಾರೆ.

ಚಿಪ್ ಒಳಗೆ ನಡೆಯುವುದೇನು?

ಸಂವೇದಕದ ಹೃದಯ ವೇಗೋತ್ಕರ್ಷ ಮಾಪಕ, ಅಂದರೆ ಆಕ್ಸೆಲೆರೋಮೀಟರ್, ಎಂಬ ಚಿಪ್. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಪರದೆ ತಿರುಗುವುದು ಅದರಿಂದಲೇ. ಸಿಲಿಕಾನ್‌ನ ಅತಿ ಸೂಕ್ಷ್ಮ ತುಣುಕೊಂದನ್ನು ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗುಗಳ ನಡುವೆ ತೂಗುಬಿಟ್ಟಿರುತ್ತಾರೆ. ಚಾಲಕ ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವಂತೆ, ಕೈ ಅಲುಗಿದಾಗ ಈ ತುಣುಕು ವಾಲುತ್ತದೆ. ಆಗ ಅದರ ವಿದ್ಯುತ್ ಗುಣ ಬದಲಾಗುತ್ತದೆ. ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೀಗೆ ಮೂರು ದಿಕ್ಕಿನ ಅಲುಗಾಟವನ್ನು ಸೆಕೆಂಡಿಗೆ ಹತ್ತಾರು ಬಾರಿ ಬರೆದಿಟ್ಟುಕೊಳ್ಳಲಾಗುತ್ತದೆ. ಕೆಲವು ಸಾಧನಗಳಲ್ಲಿ ತಿರುವನ್ನು ಅಳೆಯುವ ಇನ್ನೊಂದು ಚಿಪ್ ಇರುತ್ತದೆ.

ಹೀಗೆ ಸಿಗುವುದು ಬರೀ ಅಂಕಿಗಳ ರಾಶಿ. ಅದರಲ್ಲಿ ಕಾಯಿಲೆಯನ್ನು ಗುರುತಿಸಲು ಲಯ ನೆರವಾಗುತ್ತದೆ. ಪಾರ್ಕಿನ್ಸನ್‌ನ ನಡುಕ ಸಾಮಾನ್ಯವಾಗಿ ಸೆಕೆಂಡಿಗೆ ನಾಲ್ಕರಿಂದ ಆರು ಸಲ, ಅದೂ ಕೈ ಸುಮ್ಮನಿದ್ದಾಗ. ಔಷಧ ಹೆಚ್ಚಾದಾಗಿನ ಓಲಾಟ ಅದಕ್ಕಿಂತ ನಿಧಾನ ಮತ್ತು ಅಂಕುಡೊಂಕು. ನಿಧಾನಗತಿಯನ್ನು ಹಿಡಿಯುವುದು ಇನ್ನೂ ಸೂಕ್ಷ್ಮ ಕೆಲಸ: ಕೈ ಎಷ್ಟು ಬಾರಿ ಚಲಿಸಿತು, ಚಲಿಸಿದಾಗ ಎಷ್ಟು ಜೋರಿತ್ತು, ಎರಡು ಚಲನೆಗಳ ನಡುವೆ ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕಬೇಕು.

ಕಾಲಿಗೋ ಸೊಂಟಕ್ಕೋ ಕಟ್ಟಿದ ಸಂವೇದಕ ಹೆಜ್ಜೆಯ ಉದ್ದ, ತಿರುಗಲು ಬೇಕಾದ ಹೆಜ್ಜೆಗಳು, ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಕೊಂಡಂತಾಗುವ ಕ್ಷಣ ಇವನ್ನು ಹಿಡಿಯುತ್ತದೆ. ಹಾಗೆ ಅಂಟುವುದು ಹೆಚ್ಚಾಗಿ ಇಕ್ಕಟ್ಟಿನಲ್ಲಿ, ತಿರುವಿನಲ್ಲಿ, ಬಾಗಿಲು ದಾಟುವಾಗ. ನಮ್ಮ ಮನೆಗಳ ಹೊಸ್ತಿಲು, ಬಚ್ಚಲಿನ ಮೆಟ್ಟಿಲು ಈ ರೋಗಿಗಳು ಬೀಳುವ ಜಾಗ. ಆಸ್ಪತ್ರೆಯ ಅಗಲವಾದ ನಡುದಾರಿಯಲ್ಲಿ ನಡೆಸಿ ನೋಡಿದರೆ ಇದು ಕಾಣದೇ ಹೋಗಬಹುದು.

ಆರು ದಿನ ಕಟ್ಟಿಕೊಂಡರೆ

ಈ ಬಗೆಯ ಸಾಧನಗಳಲ್ಲಿ ಹೆಚ್ಚು ಬಳಕೆಯಾದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹುಟ್ಟಿದ ಪರ್ಸನಲ್ ಕೈನೆಟಿಗ್ರಾಫ್, ಚಿಕ್ಕದಾಗಿ ಪಿಕೆಜಿ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದಕ್ಕೆ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಕಾಯಿಲೆ ಹೆಚ್ಚಿರುವ ಕೈಗೆ ಇದನ್ನು ಸುಮಾರು ಆರು ದಿನ ಕಟ್ಟಿಕೊಳ್ಳಬೇಕು. ಗುಳಿಗೆಯ ಹೊತ್ತಿಗೆ ಅದು ಮಣಿಕಟ್ಟಿನ ಮೇಲೆ ಗುಂಯ್‌ಗುಡುತ್ತದೆ. ನುಂಗಿದ ಮೇಲೆ ಅದರ ಮೇಲೆ ಬೆರಳು ಸವರಿದರೆ ಆ ಹೊತ್ತು ದಾಖಲಾಗುತ್ತದೆ. ಎರಡು ನಿಮಿಷಕ್ಕೊಂದರಂತೆ ನಿಧಾನಗತಿಗೆ ಒಂದು ಅಂಕ, ಓಲಾಟಕ್ಕೆ ಒಂದು ಅಂಕ ಸಿಗುತ್ತದೆ. ಎಲ್ಲ ದಿನಗಳನ್ನೂ ಒಂದರ ಮೇಲೊಂದು ಇಟ್ಟು ಚಿತ್ರ ಬರೆದಾಗ ಬೆಳಗಿನ ಗುಳಿಗೆ ಹಿಡಿಯಲು ಎಷ್ಟು ಹೊತ್ತು ಬೇಕಾಯಿತು, ಎಷ್ಟಕ್ಕೆ ಇಳಿಯಿತು ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ.

ಸ್ಪೇನ್‌ನ ಸ್ಟ್ಯಾಟ್‌-ಆನ್ ಸೊಂಟಕ್ಕೆ ಕಟ್ಟುವಂಥದ್ದು. ಗ್ರೀಸ್ ಮೂಲದ ಪಿಡಿ ಮಾನಿಟರ್‌ನಲ್ಲಿ ಐದು ಸಂವೇದಕಗಳಿವೆ. ಆಪಲ್ ವಾಚ್ ಜೊತೆ ಕೆಲಸ ಮಾಡುವ ಸ್ಟ್ರೈವ್‌ಪಿಡಿ ಆ್ಯಪ್‌ಗೆ 2022ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಸರ್ಕಾರಿ ವೆಚ್ಚಕ್ಕೆ ತಕ್ಕದ್ದು ಎಂದು ಹೇಳುವ ನೈಸ್ ಸಂಸ್ಥೆ 2023ರ ಜನವರಿಯಲ್ಲಿ ಇಂಥ ಐದು ಸಾಧನಗಳನ್ನು ಷರತ್ತಿನ ಮೇಲೆ ಒಪ್ಪಿತು. ಬಳಸಿ, ಜೊತೆಗೆ ಇನ್ನಷ್ಟು ಪುರಾವೆ ಕೂಡಿಸಿ ಎಂಬುದು ಅದರ ಮಾತು. ನನಗೆ ಇದು ಸರಿಯಾದ ತೀರ್ಮಾನವೆಂದು ಅನ್ನಿಸುತ್ತದೆ. ಸಾಧನ ಅಳೆಯುವುದು ನಿಜ. ಅಳತೆಯಿಂದ ರೋಗಿಯ ಬದುಕು ಎಷ್ಟು ಸುಧಾರಿಸಿತು ಎಂಬುದನ್ನು ಬೇರೆಯಾಗಿಯೇ ತೋರಿಸಬೇಕಾಗುತ್ತದೆ.

2023ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಕುತೂಹಲದ ವಿಷಯ ಹೊರಗಿಟ್ಟರು. 2013ರಿಂದ 2016ರ ನಡುವೆ ಬ್ರಿಟನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನ ಸಂಶೋಧನೆಗಾಗಿ ಒಂದು ವಾರ ಇಂಥ ಪಟ್ಟಿ ಕಟ್ಟಿಕೊಂಡಿದ್ದರು. ಅವರಲ್ಲಿ ಮುಂದೆ ಪಾರ್ಕಿನ್ಸನ್ ಬಂದವರ ಚಲನೆ, ರೋಗ ಪತ್ತೆಯಾಗುವ ಏಳು ವರ್ಷದಷ್ಟು ಮೊದಲೇ ನಿಧಾನವಾಗಿತ್ತು. ಹಾಗೆಂದು ಅಂಗಡಿಯ ವಾಚ್ ಕಟ್ಟಿಕೊಂಡು ‘ನನಗೆ ಪಾರ್ಕಿನ್ಸನ್ ಬರುತ್ತದೆಯೇ’ ಎಂದು ನೋಡಿಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ರೊಟ್ಟಿ ತಟ್ಟುವ ಕೈ

ಈ ಸಾಧನಗಳ ಲೆಕ್ಕ ಕಲಿತದ್ದು ಬಹುಮಟ್ಟಿಗೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಜನರ ಕೈಗಳಿಂದ. ಅವರು ಕುರ್ಚಿಯ ಮೇಲೆ ಕೂರುತ್ತಾರೆ, ಚಮಚದಲ್ಲಿ ಉಣ್ಣುತ್ತಾರೆ, ಬೂಟು ಹಾಕಿ ಸಮ ನೆಲದ ಮೇಲೆ ನಡೆಯುತ್ತಾರೆ.

ಕಂಪ್ಲಿಯ ಮನೆಯೊಂದರ ಒಲೆಯ ಮುಂದೆ ಕೂತ ಅಜ್ಜಿಯ ಕೈಗೆ ಇದನ್ನು ಕಟ್ಟಿದರೆ? ಜೋಳದ ರೊಟ್ಟಿ ತಟ್ಟುವ ಕೈ ಸೆಕೆಂಡಿಗೆ ಹಲವು ಬಾರಿ ಒಂದೇ ಲಯದಲ್ಲಿ ಬಡಿಯುತ್ತದೆ. ಭಜನೆಯಲ್ಲಿ ತಾಳ ಹಾಕುವ ಕೈಯೂ ಹಾಗೆಯೇ. ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿ ಬೈಕಿನ ಹಿಂದೆ ಕೂತರೆ ಮೈಯೆಲ್ಲ ಅದುರುತ್ತದೆ. ಕಳೆ ತೆಗೆಯುವವರು ತುದಿಗಾಲಲ್ಲಿ ಕೂತು ಗಂಟೆಗಟ್ಟಲೆ ಜರುಗುತ್ತಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಏಳಲು ಪಡುವ ಪಾಡು ಪಾರ್ಕಿನ್ಸನ್‌ನ ದೊಡ್ಡ ಸುಳಿವು. ಕುರ್ಚಿಯಲ್ಲಿ ಬದುಕುವವರಿಂದ ಕಲಿತ ಲೆಕ್ಕಕ್ಕೆ ಅದರ ಪರಿಚಯ ಇರಲಾರದು.

ಇದರಿಂದ ಸಾಧನ ನಿಷ್ಪ್ರಯೋಜಕವಾಗುವುದಿಲ್ಲ. ಆರು ದಿನದ ಸರಾಸರಿಯಲ್ಲಿ ಒಂದು ಹೊತ್ತಿನ ರೊಟ್ಟಿ ಕರಗಿಹೋಗುತ್ತದೆ. ಕೈ ಒರಗಿ ಸುಮ್ಮನಿರುವಾಗಿನ ನಡುಕವನ್ನೇ ಆರಿಸಿಕೊಳ್ಳುವ ಲೆಕ್ಕಗಳೂ ಇವೆ. ಆದರೆ ನಮ್ಮ ಮನೆಗಳಲ್ಲಿ ನಮ್ಮ ಜನರ ಚಲನೆಯನ್ನು ಅಳೆದು, ಆ ಲೆಕ್ಕವನ್ನು ತಿದ್ದದೆ ವರದಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಈ ಕೆಲಸ ಆಗಬೇಕಾದದ್ದು ಇಲ್ಲಿ. ಬೇರೆ ದೇಶದವರು ಇದನ್ನು ನಮಗಾಗಿ ಮಾಡಿಕೊಡುವುದಿಲ್ಲ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಬೆವರಿಗೆ ರಬ್ಬರ್ ಪಟ್ಟಿ ಎಷ್ಟು ಹೊತ್ತು ಸಹ್ಯವಾದೀತು ಎಂಬುದನ್ನೂ ಇಲ್ಲಿಯೇ ನೋಡಬೇಕು.

ಕಾರಣ ಕೇಳಬೇಕಾದದ್ದು ಮನುಷ್ಯರೇ

ಸಂವೇದಕ ನಿಧಾನಗತಿಯನ್ನು ಅಳೆಯುತ್ತದೆ. ಅದು ಯಾಕೆ ಬಂತೆಂದು ಅದಕ್ಕೆ ತಿಳಿಯದು. ಸಂಡೂರು ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಮ್ಯಾಂಗನೀಸ್ ಇದೆ. ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾದದ್ದೇ 1954ರಲ್ಲಿ. ಮ್ಯಾಂಗನೀಸ್ ದೂಳನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಉಸಿರಾಡಿದರೆ ಪಾರ್ಕಿನ್ಸನ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆ ಬರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಈ ಅದಿರನ್ನು ಅರೆಯುತ್ತಿದ್ದ ಕೆಲಸಗಾರರಲ್ಲಿ ಕೂಪರ್ ಎಂಬ ವೈದ್ಯ 1837ರಲ್ಲಿಯೇ ಇದನ್ನು ಗುರುತಿಸಿದ್ದ. ಇದರಲ್ಲಿ ಸುಮ್ಮನಿರುವಾಗಿನ ನಡುಕ ಕಡಿಮೆ, ನಡಿಗೆಯ ತೊಂದರೆ ಹೆಚ್ಚು, ಲೆವೊಡೋಪಾ ಅಷ್ಟಾಗಿ ಹಿಡಿಯುವುದಿಲ್ಲ. ಮ್ಯಾಂಗನೀಸ್ ವಿಷಬಾಧೆ ನಮ್ಮ ಗಣಿ, ಕಾರ್ಖಾನೆಗಳಿಗೆ ಸಂಬಂಧಿಸಿದ ಕಾನೂನಿನಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಿಂದಿನಿಂದಲೂ ಇದೆ. ಗಣಿಯ ಹತ್ತಿರದ ಊರಿನವರ ನಡುಕಕ್ಕೆಲ್ಲ ಗಣಿಯೇ ಕಾರಣ ಎಂದುಕೊಳ್ಳುವುದು ತಪ್ಪು. ಅದಿರು ಪುಡಿ ಮಾಡಿದವರು, ವೆಲ್ಡಿಂಗ್ ಮಾಡಿದವರು ನಿಧಾನವಾಗುತ್ತಿದ್ದರೆ ಎಷ್ಟು ವರ್ಷ ಯಾವ ಕೆಲಸ ಮಾಡಿದಿರಿ ಎಂದು ವೈದ್ಯರು ಕೇಳದಿರುವುದೂ ತಪ್ಪು.

ಇನ್ನೊಂದು ಕಾರಣ ಔಷಧ ಅಂಗಡಿಯಲ್ಲಿದೆ. ಗ್ಯಾಸ್ಟ್ರಿಕ್‌ಗೆಂದು ಕೊಡುವ ಕೆಲವು ಗುಳಿಗೆಗಳಲ್ಲಿ ಲೆವೊಸಲ್ಪಿರೈಡ್ ಇರುತ್ತದೆ. ತಲೆಸುತ್ತಿಗೆ, ತಲೆನೋವಿಗೆ ಕೊಡುವ ಸಿನ್ನರಿಜೀನ್, ಫ್ಲುನರಿಜೀನ್ ಕೂಡ ವಯಸ್ಸಾದವರಲ್ಲಿ ಪಾರ್ಕಿನ್ಸನ್ ಲಕ್ಷಣ ತರಬಲ್ಲವು. ಆ ಗುಳಿಗೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಲಕ್ಷಣ ಇಳಿಯುತ್ತದೆ. ಇಂಥವರಿಗೆ ಬೇಕಾದದ್ದು ಅವರು ನುಂಗುವ ಎಲ್ಲ ಗುಳಿಗೆಗಳ ಚೀಟಿಯನ್ನು ಮೇಜಿನ ಮೇಲೆ ಹರವಿ ನೋಡುವ ಒಬ್ಬ ವೈದ್ಯ.

ವರದಿ ಓದುವವರು ಯಾರು?

ಸಾಧನಕ್ಕಿಂತ ದೊಡ್ಡ ಪ್ರಶ್ನೆ ಇದು. ತೋರಣಗಲ್ಲಿನಲ್ಲಿ ಸಂಜೀವಿನಿ ಆಸ್ಪತ್ರೆ ಇದೆ, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದು ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೂ ಚಲನೆಯ ಕಾಯಿಲೆಗಳನ್ನೇ ವಿಶೇಷವಾಗಿ ಕಲಿತವರನ್ನು ಕಾಣಲು ಇಲ್ಲಿನ ಎಷ್ಟೋ ಮನೆಗಳವರು ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ಹೋಗುತ್ತಾರೆ. ಅಷ್ಟು ದೂರ ಹೋಗುವ ಬದಲು ಆರು ದಿನದ ಹಾಳೆಯೊಂದು ಹೋಗಬಹುದಾದರೆ ರೋಗಿಯ ಒಂದು ರಾತ್ರಿಯ ರೈಲು, ಮಗನ ಎರಡು ದಿನದ ಸಂಬಳ ಉಳಿಯುತ್ತದೆ.

ದಾರಿ ಪೂರ್ತಿ ಹೊಸದಾಗಿ ಹಾಕಬೇಕಿಲ್ಲ. ದೂರದಿಂದ ಸಲಹೆ ಕೊಡುವುದಕ್ಕೆ 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ನಿಯಮಾವಳಿ ಹೊರಡಿಸಿತು. ಅಂಥ ಸಲಹೆ ಕೊಡುವ ಇ-ಸಂಜೀವನಿ ವ್ಯವಸ್ಥೆ ನಡೆಯುತ್ತಿದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ತರಬೇತಿ ಕೊಟ್ಟವು. ಪಾರ್ಕಿನ್ಸನ್ ರೋಗಿಗಳನ್ನೂ ಅದೇ ದಾರಿಯಲ್ಲಿ ಕರೆದೊಯ್ಯಬಹುದು.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿ ಇರುವ ಮೊಬೈಲ್ ಫೋನೇ ಒಳ್ಳೆಯ ಸಾಧನ. ಬೆಳಗಿನ ಗುಳಿಗೆಗೆ ಮೊದಲು, ನುಂಗಿದ ಒಂದು ಗಂಟೆಯ ಮೇಲೆ, ಮುಂದಿನ ಗುಳಿಗೆಗೆ ಸ್ವಲ್ಪ ಮುಂಚೆ ಒಂದೊಂದು ನಿಮಿಷದ ವಿಡಿಯೊ ಮಾಡಿ. ಕುರ್ಚಿಯಿಂದ ಎದ್ದು ನಡೆದು ತಿರುಗಿ ಬರುವುದು, ಹೆಬ್ಬೆರಳಿಗೆ ತೋರುಬೆರಳು ಬಡಿಯುವುದು, ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂರುವುದು ಇವಿಷ್ಟು ಸಾಕು. ಹೊಸ್ತಿಲಲ್ಲಿ ಕಾಲು ಅಂಟಿದರೆ ಅದನ್ನೂ ತೆಗೆಯಿರಿ. ಗುಳಿಗೆ ನುಂಗಿದ ಹೊತ್ತನ್ನೂ ಊಟದ ಹೊತ್ತನ್ನೂ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ‘ಅಲ್ಲಿ ಬ್ಯಾರೆನೇ ಐತಿ’ ಎಂದ ಮಗ ಮುಂದಿನ ಸಲ ಇದನ್ನು ತೋರಿಸಬಹುದು. ಗುಳಿಗೆಯ ಪ್ರಮಾಣವನ್ನು ಮಾತ್ರ ನೀವಾಗಿಯೇ ಬದಲಿಸಬೇಡಿ. ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಮಾಹಿತಿಯ ಗುಟ್ಟಿನ ವಿಷಯವೂ ಇದೆ. ಈ ಸಾಧನಗಳು ನಿದ್ದೆ, ಓಡಾಟ, ಕೆಲಸ ಎಲ್ಲವನ್ನೂ ಬರೆದಿಡುತ್ತವೆ. ಕಾರ್ಖಾನೆಯಲ್ಲಿ ದುಡಿಯುವ ಐವತ್ತು ವರ್ಷದವರೊಬ್ಬರಿಗೆ ಕಾಯಿಲೆ ಶುರುವಾದರೆ ಅದು ಮಾಲೀಕರಿಗೆ, ವಿಮೆಯವರಿಗೆ ತಿಳಿದೀತೆಂಬ ಭಯ ಸಹಜ. ಸಾಮಾನ್ಯವಾಗಿ ಒಪ್ಪಿಗೆ ಇಲ್ಲದೆ ಇಂಥ ಮಾಹಿತಿ ಬಳಸುವುದನ್ನು ತಡೆಯುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಉದ್ದೇಶ. ಒಪ್ಪಿಗೆಯ ಹಾಳೆ ಕನ್ನಡದಲ್ಲಿರಬೇಕು, ಓದಿ ಹೇಳುವವರು ಪಕ್ಕದಲ್ಲಿರಬೇಕು.

ಪಿಕೆಜಿಯಂಥ ಸಾಧನವನ್ನು ಯಾವ ರೋಗಿಯೂ ಕೊಂಡುಕೊಳ್ಳಬೇಕಿಲ್ಲ ಎಂಬುದು ನಮ್ಮ ಜಿಲ್ಲೆಗಳಿಗೆ ಅನುಕೂಲದ ಸಂಗತಿ. ಅದನ್ನು ಅಂಚೆಯಲ್ಲಿ ಕಳುಹಿಸಿ, ಆರು ದಿನದ ಮೇಲೆ ವಾಪಸ್ ತರಿಸಿಕೊಳ್ಳುವ ಪದ್ಧತಿ ಇತರ ದೇಶಗಳಲ್ಲಿ ರೂಢಿಯಲ್ಲಿದೆ. ಬಳ್ಳಾರಿಯ ಆಸ್ಪತ್ರೆಯಲ್ಲೊಂದು, ಹೊಸಪೇಟೆಯಲ್ಲೊಂದು ಕಪಾಟಿನಲ್ಲಿ ಹತ್ತು ಹನ್ನೆರಡು ಸಾಧನ, ಅವನ್ನು ಕಟ್ಟಿ ಬಿಚ್ಚಿ ಒರೆಸಿ ಇಡಲು ತರಬೇತಾದ ಒಬ್ಬ ನರ್ಸ್, ವಾರಕ್ಕೊಂದು ಮಧ್ಯಾಹ್ನ ವರದಿ ಓದಿ ಗುಳಿಗೆಯ ಹೊತ್ತು ತಿದ್ದಿ ಹೇಳುವ ಒಬ್ಬ ತಜ್ಞ ಇದ್ದರೆ ಕೆಲಸ ಶುರುವಾಗುತ್ತದೆ. ತಜ್ಞರು ಬೆಂಗಳೂರಿನಲ್ಲಿದ್ದೇ ವಿಡಿಯೊ ಮೂಲಕ ಹೇಳಿದರೂ ಆದೀತು. ಮೊದಲ ವರ್ಷ ಕಂಪ್ಲಿ, ಸಂಡೂರು, ತೋರಣಗಲ್ಲಿನ ರೋಗಿಗಳಿಗಷ್ಟೇ ಇದನ್ನು ಕೊಟ್ಟು ನೋಡಲಿ. ಎಷ್ಟು ಜನರ ಗುಳಿಗೆ ಬದಲಾಯಿತು, ಎಷ್ಟು ಜನ ಬೀಳುವುದು ಕಡಿಮೆಯಾಯಿತು, ರೊಟ್ಟಿ ತಟ್ಟುವ ಹೊತ್ತನ್ನು ಲೆಕ್ಕ ಸರಿಯಾಗಿ ಗುರುತಿಸಿತೇ ಎಂಬುದನ್ನು ಬರೆದಿಟ್ಟು ಪ್ರಕಟಿಸಲಿ.